ಹೆಸರಿದ್ದೂ ಗುರುತು ಸಿಗದ ಸೊಳ್ಳೆ

ಕೇಳುಗರಿಗೆಲ್ಲ ನಮಸ್ಕಾರ.

ಸೊಳ್ಳೆಯೂ ನೊಣಗಳ ಗಣಕ್ಕೇ ಸೇರಿದ ಕೀಟ. ಈ ಗಣದವಕ್ಕೆ ರೆಕ್ಕೆಗಳು ಎರಡೇ. ಬೇರೆ ಕೀಟಗಳಿಗೆ ಹಿಂದಿನ ಜೋಡಿ ರೆಕ್ಕೆ ಇರುವ ಜಾಗದಲ್ಲಿ ಇವಕ್ಕೆ ತುದಿ ಉಬ್ಬಿದ ಎರಡು ಪುಟ್ಟ ಕಡ್ಡಿಗಳಿದ್ದು, ಹಾರುವಾಗ ಅವು ಮೈಯ ಸಮತೋಲವನ್ನು ಕಾಯುತ್ತವೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಇವನ್ನು ಡಿಪ್ಟೆರಾ, ಅಂದರೆ ಎರಡು ರೆಕ್ಕೆಯವು, ಎಂಬ ಗಣದಲ್ಲಿಟ್ಟು, ತಾವು ಕಂಡ ಸೊಳ್ಳೆಗಳನ್ನೆಲ್ಲ ಕ್ಯೂಲೆಕ್ಸ್ ಎಂಬ ಒಂದೇ ಕುಲಕ್ಕೆ ಸೇರಿಸಿದರು.

ಆ ಕುಲವನ್ನು ಬಿಡಿಸಿದವರು ಜರ್ಮನಿಯ ಸ್ಟೋಲ್‌ಬರ್ಗ್ ಊರಿನಲ್ಲಿ ಮೇಷ್ಟರಾಗಿದ್ದ ಯೋಹಾನ್ ವಿಲ್ಹೆಲ್ಮ್ ಮೈಗೆನ್. ಕೀಟಶಾಸ್ತ್ರವನ್ನು ತಾವಾಗಿಯೇ ಕಲಿತ ಈ ಮನುಷ್ಯ ನೊಣಗಳ ರೆಕ್ಕೆಯ ನರಗಳು ಕವಲೊಡೆಯುವ ಬಗೆಯನ್ನು ಒಂದೊಂದಾಗಿ ಗಮನಿಸಿ, ಚಿತ್ರ ಬರೆದು, ಯುರೋಪಿನ ನೊಣಗಳ ಬಗ್ಗೆ ಒಂದು ಬೃಹತ್ ಕೃತಿಯನ್ನೇ ರಚಿಸಿದರು. 1818ರ ಅದರ ಮೊದಲ ಸಂಪುಟದಲ್ಲಿ ಸೊಳ್ಳೆಗಳು ಮೂರು ಕುಲಗಳಾದವು. ಸೊಂಡಿಲಿನ ಎರಡೂ ಪಕ್ಕಗಳಲ್ಲಿರುವ ಸ್ಪರ್ಶಕಗಳೇ ಅದಕ್ಕೆ ಆಧಾರ: ಗಂಡು ಹೆಣ್ಣು ಎರಡರಲ್ಲೂ ಅವು ಉದ್ದವಾಗಿದ್ದರೆ ಅನಾಫಿಲಿಸ್, ಎರಡರಲ್ಲೂ ಗಿಡ್ಡವಾಗಿದ್ದರೆ ಈಡಿಸ್, ಗಂಡಿನಲ್ಲಿ ಮಾತ್ರ ಉದ್ದವಾಗಿದ್ದರೆ ಕ್ಯೂಲೆಕ್ಸ್. ಬರಿ ಮಸೂರ ಹಿಡಿದು ಕಾಣಬಹುದಾದ ಇಂಥ ಗುರುತನ್ನು ಆರಿಸಿಕೊಂಡದ್ದು ಮೈಗೆನ್ನರ ಕಣ್ಣಿನ ಹಿರಿಮೆಯೆಂದು ನಾನು ಭಾವಿಸುತ್ತೇನೆ.

ಆದರೆ ಈ ವಿದ್ಯೆ ವೈದ್ಯರ ಕೈಗೆ ತಲುಪಿರಲಿಲ್ಲ. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಕಂಡದ್ದು ಯಾವ ಸೊಳ್ಳೆಯಲ್ಲಿ ಎಂದು ಹೇಳಲು ಅವರ ಬಳಿ ಹೆಸರಿರಲಿಲ್ಲ. ‘ಮಚ್ಚೆ ರೆಕ್ಕೆಯ ಸೊಳ್ಳೆ’ ಎಂದಷ್ಟೇ ಬರೆದುಕೊಂಡರು. ಅದು ಅನಾಫಿಲಿಸ್ ಕುಲದ್ದು; ಆ ಹೆಸರು ಅಚ್ಚಾಗಿ ಆಗಲೇ 79 ವರ್ಷ ಕಳೆದಿತ್ತು. ಅದು ತಿಳಿದಿದ್ದರೆ ತಾವು ಕಂಡ ಕೀಟ ಯಾವುದೆಂದು ಅವರು ಲೋಕದ ಯಾವ ವಿಜ್ಞಾನಿಗಾದರೂ ಒಂದೇ ಮಾತಿನಲ್ಲಿ ತಿಳಿಸಬಹುದಿತ್ತು.

ಆ ಬಳಿಕ ಸೊಳ್ಳೆಗಳನ್ನು ಗುರುತಿಸಿ ಹೆಸರಿಡುವ ಕೆಲಸ ಬಿರುಸಾಯಿತು. ಬ್ರಿಟಿಷ್ ವಸಾಹತುಗಳಿಂದ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಬಂದು ಸೇರಿದ ಸೊಳ್ಳೆಗಳನ್ನು ಥಿಯೋಬಾಲ್ಡ್ ಎಂಬುವರು 1901ರಿಂದ 1910ರವರೆಗೆ ಐದು ಸಂಪುಟಗಳಲ್ಲಿ ವಿವರಿಸಿದರು. ಮೈಮೇಲಿನ ಹುರುಪೆಗಳ ಆಕಾರವನ್ನೇ ಅತಿಯಾಗಿ ನಂಬಿ ಅವರು ಕಟ್ಟಿದ ಹಲವು ಕುಲಗಳು ಮುಂದೆ ನಿಲ್ಲಲಿಲ್ಲವಾದರೂ, ಪ್ರಭೇದಗಳನ್ನು ಒಂದೆಡೆ ತಂದ ಆ ಶ್ರಮ ದೊಡ್ಡದು. ಭಾರತದಲ್ಲಿಯೇ ದುಡಿಯುತ್ತಿದ್ದ ವೈದ್ಯರಲ್ಲಿ ಲಿಸ್ಟನ್ 1901ರಲ್ಲಿ ಅನಾಫಿಲಿಸ್ ಸ್ಟೀಫೆನ್ಸೈಯನ್ನೂ, ಜೇಮ್ಸ್ 1902ರಲ್ಲಿ ಅನಾಫಿಲಿಸ್ ಫ್ಲೂವಿಯಾಟಿಲಿಸನ್ನೂ ಬೇರೆಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಮೊದಲನೆಯದು ಪಟ್ಟಣಗಳ ಬಾವಿ, ತೊಟ್ಟಿಗಳಲ್ಲಿ ಮೊಟ್ಟೆಯಿಡುತ್ತದೆ. ಎರಡನೆಯದು, ನಮ್ಮ ಮಲೆನಾಡಿನಲ್ಲಿ ಮಲೇರಿಯಾ ಹರಡುತ್ತಿದ್ದುದು, ಮೆಲ್ಲಗೆ ಹರಿಯುವ ತೊರೆಗಳ ಹುಲ್ಲಂಚಿನಲ್ಲಿ. ಆದ್ದರಿಂದ ಮಲೆನಾಡಿನ ಊರಿನಲ್ಲಿ ತೊಟ್ಟಿಗಳನ್ನಷ್ಟೇ ಮುಚ್ಚಿಸಿ ತೊರೆಯ ಅಂಚನ್ನು ಹಾಗೆಯೇ ಬಿಟ್ಟರೆ ಜ್ವರ ಅಲ್ಲಿಯೇ ಉಳಿಯುತ್ತಿತ್ತು.