ಮುಖಪುಟ ಬರೆಸೋದು ಅಂಗಡಿ

ಎಲ್ಲರಿಗೂ ನಮಸ್ಕಾರ.

ಐತಿಹಾಸಿಕ ಕಾದಂಬರಿಗಳ ಬ್ರಿಟಿಷ್ ಮುಖಪುಟ, ಅಮೆರಿಕನ್ ಮುಖಪುಟ, ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿ ಅಂದಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಒಂದು ಮಾತು ಕಿವಿಗೆ ಬೀಳುತ್ತದೆ. ಬ್ರಿಟಿಷರದ್ದು ಸಂಯಮ, ಅಮೆರಿಕದವರದ್ದು ಆಡಂಬರ ಅಂತ. ನಾನಿದನ್ನು ಒಪ್ಪೋದಿಲ್ಲ. ಮುಖಪುಟ ಬರೆಸೋದು ಅಂಗಡಿ. ಪುಸ್ತಕ ಎಲ್ಲಿ ಮಾರಾಟಕ್ಕೆ ಕೂತಿದೆಯೋ ಆ ಜಾಗ ಚಿತ್ರವನ್ನು ತೀರ್ಮಾನಿಸುತ್ತದೆ. ಇವತ್ತು ಇದನ್ನೇ ಬೇರೆ ಬೇರೆ ಪುಸ್ತಕ ಹಿಡಿದು ಹೇಳುತ್ತೇನೆ.

ನಮ್ಮೂರಿನ ಅಂಗಡಿಗಳಲ್ಲಿ ಜಾಸ್ತಿ ಸಿಗೋದು ಬ್ರಿಟಿಷ್ ಆವೃತ್ತಿ. ಅಲ್ಲಿನ ಪ್ರಕಾಶಕರು ಹಕ್ಕು ಕೊಳ್ಳುವಾಗ ಕಾಮನ್‌ವೆಲ್ತ್ ದೇಶಗಳನ್ನೂ ಸೇರಿಸಿಯೇ ಕೊಳ್ಳುತ್ತಿದ್ದರು. ಹಾಗಂತ ಅವರೊಳಗೇ ಒಂದು ಒಪ್ಪಂದ ಇತ್ತು. ಅಮೆರಿಕದ ಸರ್ಕಾರ ಕೋರ್ಟಿಗೆ ಹೋಗಿ 1976ರಲ್ಲಿ ಅದನ್ನು ನಿಲ್ಲಿಸಿತು. ಒಪ್ಪಂದ ಹೋಯಿತು, ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಅದಕ್ಕೇ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕಗಳ ನಡುವೆ ಅಮೆರಿಕದ ಪ್ರತಿ ಸಿಕ್ಕರೆ, ನಮಗೆ ಗೊತ್ತಿರೋ ಕಾದಂಬರಿಯೇ ವೇಷ ಬದಲಿಸಿಕೊಂಡು ಬಂದ ಹಾಗಿರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ. ಕುರ್ಟ್ ಎನೋಕ್ ಅಂತ ಒಬ್ಬರಿದ್ದರು, ಜರ್ಮನಿಯ ಹ್ಯಾಂಬರ್ಗಿನವರು. 1932ರಲ್ಲಿ ಇನ್ನಿಬ್ಬರ ಜೊತೆ ಸೇರಿ ಆಲ್ಬಟ್ರಾಸ್ ಅನ್ನೋ ಪೇಪರ್‌ಬ್ಯಾಕ್ ಮಾಲೆ ಶುರು ಮಾಡಿದರು. ಮುಖಪುಟದಲ್ಲಿ ದೃಶ್ಯ ಇಲ್ಲ, ಮನುಷ್ಯರಿಲ್ಲ. ಬರೀ ಅಕ್ಷರ, ಒಂದು ಹಕ್ಕಿಯ ಗುರುತು. ಯಾವ ಬಗೆಯ ಪುಸ್ತಕಕ್ಕೆ ಯಾವ ಬಣ್ಣ ಅನ್ನೋ ಲೆಕ್ಕ. ಮೂರು ವರ್ಷ ಕಳೆದ ಮೇಲೆ ಲಂಡನ್ನಿನ ಅಲೆನ್ ಲೇನ್ ಅದೇ ದಾರಿ ಹಿಡಿದು ಪೆಂಗ್ವಿನ್ ತಂದರು. ಮೂರು ಅಡ್ಡಪಟ್ಟಿ, ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಬೆಲೆ ಆರು ಪೆನ್ಸ್. ಎಡ್ವರ್ಡ್ ಯಂಗ್ ಅನ್ನೋ ಹುಡುಗ ಲಂಡನ್ನಿನ ಮೃಗಾಲಯಕ್ಕೇ ಹೋಗಿ ಪೆಂಗ್ವಿನ್ ನೋಡಿ ಬರೆದುಕೊಂಡು ಬಂದ. ಬ್ರಿಟಿಷ್ ಸಂಯಮ ಅಂದಾಗ ನಮ್ಮ ಕಣ್ಣಿಗೆ ಬರೋದೇ ಆ ಪಟ್ಟಿಗಳು, ಅಲ್ವಾ?

ಇತ್ತ ಎನೋಕ್ ಯಹೂದಿ. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಪ್ಯಾರಿಸ್‌ಗೆ ಹೋದರು, ಅಲ್ಲಿಂದಲೂ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕಕ್ಕೆ. ಅಲ್ಲಿ ಪೆಂಗ್ವಿನ್‌ನ ಅಮೆರಿಕನ್ ಶಾಖೆಗೇ ಸೇರಿದರು. ಯುದ್ಧದ ದೆಸೆಯಿಂದ ಇಂಗ್ಲೆಂಡಿನಿಂದ ಪುಸ್ತಕ ಬರೋದು ಕಷ್ಟವಾಗಿತ್ತು. ಶಾಖೆಯವರು ಅಲ್ಲೇ ಅಚ್ಚು ಹಾಕಿಸಿದರು, ಮುಖಪುಟಕ್ಕೆ ಚಿತ್ರವನ್ನೂ ಹಾಕಿಸಿದರು. ಲೇನ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಜಗಳ ವರ್ಷಗಟ್ಟಲೆ ನಡೆಯಿತು. ಶಾಖೆ ಕಟ್ಟಿದ ಇಯಾನ್ ಬ್ಯಾಲಂಟೈನ್ 1945ರಲ್ಲಿ ಬಿಟ್ಟುಹೋಗಿ ಬ್ಯಾಂಟಮ್ ಶುರು ಮಾಡಿದರು. 1948ರಲ್ಲಿ ಎನೋಕ್, ವಿಕ್ಟರ್ ವೇಬ್ರೈಟ್ ಇಬ್ಬರೂ ಪೆಂಗ್ವಿನ್‌ನಿಂದ ಬೇರೆಯಾಗಿ ನ್ಯೂ ಅಮೆರಿಕನ್ ಲೈಬ್ರರಿ ಅನ್ನೋ ಪ್ರಕಾಶನ ಕಟ್ಟಿದರು. ಅದರ ಸಿಗ್ನೆಟ್ ಪುಸ್ತಕಗಳ ಚಿತ್ರ ನೋಡಿದರೆ ಸಿನಿಮಾ ಪೋಸ್ಟರ್ ನೆನಪಾಗುತ್ತದೆ.

ಯೋಚನೆ ಮಾಡಿ. ಬಣ್ಣ, ಅಕ್ಷರ ಎರಡೇ ಸಾಕು ಅಂದವರೂ ಎನೋಕ್, ಚಿತ್ರ ಬೇಕೇ ಬೇಕು ಅಂದವರೂ ಎನೋಕ್. ಅಟ್ಲಾಂಟಿಕ್ ದಾಟಿದ ಕೂಡಲೇ ಅವರ ಅಭಿರುಚಿ ಕೆಟ್ಟುಹೋಯಿತಾ? ಇಲ್ಲ. ಅಂಗಡಿ ಬದಲಾಯಿತು. ಅಲ್ಲಿ ಪೇಪರ್‌ಬ್ಯಾಕ್ ಇರುತ್ತಿದ್ದದ್ದು ಪತ್ರಿಕೆ ಮಾರುವ ಕಟ್ಟೆಗಳಲ್ಲಿ, ಔಷಧಿ ಅಂಗಡಿಗಳಲ್ಲಿ, ರೈಲು ನಿಲ್ದಾಣಗಳಲ್ಲಿ, ರಂಗುರಂಗಿನ ಮ್ಯಾಗಜೀನ್‌ಗಳ ಮಗ್ಗುಲಲ್ಲೇ. ಹಾಗಾದರೆ ಪೆಂಗ್ವಿನ್ ಕೂಡ ಇಂಗ್ಲೆಂಡಿನ ವೂಲ್‌ವರ್ತ್ ಅಂಗಡಿಗಳಲ್ಲಿ ಸಾಬೂನು ಬಾಚಣಿಗೆ ಜೊತೆ ಮಾರಾಟ ಆಗಲಿಲ್ಲವಾ ಅಂತ ಕೇಳಬಹುದು. ಆಯಿತು, ಸರಿಯಾದ ಪ್ರಶ್ನೆ. ಆದರೆ ಅಲ್ಲಿ ಹತ್ತು ಕಂಪನಿಯ ಪೇಪರ್‌ಬ್ಯಾಕ್‌ಗಳು ಒಂದರ ಮೇಲೊಂದು ಬಿದ್ದು ಗಿರಾಕಿಯನ್ನು ಕರೆಯುತ್ತಿರಲಿಲ್ಲ. ಪೈಪೋಟಿ ಬಂದ ಮೇಲೆ ಬ್ರಿಟನ್ನಿನಲ್ಲೂ ಚಿತ್ರ ಬಂತು. ಪ್ಯಾನ್ ಅನ್ನೋ ಅಲ್ಲಿನ ಕಂಪನಿಯ ಪುಸ್ತಕಗಳನ್ನು ನೋಡಿ. ಜಾರ್ಜೆಟ್ ಹೇಯರ್ ಅವರ ಕಾದಂಬರಿಗೆ ಪ್ಯಾನ್‌ನವರ ಬಣ್ಣದ ಪೇಪರ್‌ಬ್ಯಾಕ್ ಒಂದು ಕಡೆ. ಅವರದೇ ಗಟ್ಟಿ ರಟ್ಟಿನ ಪುಸ್ತಕಕ್ಕೆ ಆರ್ಥರ್ ಬಾರ್ಬೋಸಾ ಬರೆದ ನಾಜೂಕಿನ ಹೊದಿಕೆ ಇನ್ನೊಂದು ಕಡೆ. ದೇಶ ಒಂದೇ, ಲೇಖಕಿ ಒಬ್ಬರೇ. ಒಂದು ಹೋಗುವ ಕಪಾಟು ಬೇರೆ, ಇನ್ನೊಂದು ಹೋಗುವ ಕಪಾಟು ಬೇರೆ.

ಈ ಪುಸ್ತಕ ಸ್ವಲ್ಪ ಹತ್ತಿರದಿಂದ ನೋಡಿ. ಅಮೆರಿಕದ ಜೇಬುಗಾತ್ರದ ಪೇಪರ್‌ಬ್ಯಾಕ್. ಒಳಗೆ ಕಾಪಿರೈಟ್ ಪುಟದಲ್ಲಿ ಒಂದು ಎಚ್ಚರಿಕೆ ಇದೆ. ಮುಖಪುಟ ಇಲ್ಲದೆ ಈ ಪುಸ್ತಕ ಕೊಂಡಿದ್ದರೆ ಅದು ಕಳವಿನ ಮಾಲು ಇರಬಹುದು ಅಂತ. ಯಾಕೆ ಗೊತ್ತಾ? ಮಾರಾಟ ಆಗದ ಪುಸ್ತಕವನ್ನು ಅಂಗಡಿಯವರು ಪೂರ್ತಿ ವಾಪಸ್ ಕಳಿಸೋದಿಲ್ಲ. ಸಾಗಣೆ ದುಬಾರಿ. ಮುಖಪುಟ ಮಾತ್ರ ಕಿತ್ತು ಕಳಿಸುತ್ತಾರೆ, ದುಡ್ಡು ವಾಪಸ್ ಸಿಗುತ್ತದೆ. ಒಳಗಿನ ಹಾಳೆ ರದ್ದಿಗೆ. ಲೇಖಕರು ವರ್ಷಗಟ್ಟಲೆ ಓದಿ ಬರೆದದ್ದೆಲ್ಲ ರದ್ದಿ, ಮುಖಪುಟಕ್ಕೆ ಮಾತ್ರ ಬೆಲೆ! ಇಂಥ ವ್ಯಾಪಾರದಲ್ಲಿ ಮುಖಪುಟ ಕಿರುಚದೆ ಇನ್ನೇನು ಮಾಡೀತು?

ಅಲ್ಲಿಂದ ಮುಂದಿನದು ನಿಮಗೆ ಗೊತ್ತು. 1972ರಲ್ಲಿ ಏವನ್ ಕಂಪನಿ ಕ್ಯಾಥ್ಲೀನ್ ವುಡಿವಿಸ್ ಅವರ ಮೊದಲ ಕಾದಂಬರಿಯನ್ನು ನೇರವಾಗಿ ಪೇಪರ್‌ಬ್ಯಾಕ್‌ನಲ್ಲೇ ತಂದಿತು. ಅದು ಲಕ್ಷಗಟ್ಟಲೆ ಹೋಯಿತು. ಆಮೇಲೆ ಬಂದದ್ದು ತಬ್ಬಿಕೊಂಡ ಜೋಡಿಗಳ ಕಾಲ. ಗಾಳಿಗೆ ಹಾರುವ ಕೂದಲು, ಭುಜದಿಂದ ಜಾರಿದ ರವಿಕೆ. ಕಥೆ ಯಾವ ಶತಮಾನದ್ದು ಅಂತ ಆ ಚಿತ್ರ ನೋಡಿ ಹೇಳೋದು ಕಷ್ಟ. ನನ್ನ ತಕರಾರು ಇರೋದು ಇಲ್ಲೇ. ಚಿತ್ರ ಇದೆ ಅಂತ ನನಗೆ ಬೇಸರ ಇಲ್ಲ. ಕಾಲ ಕಾಣೆಯಾಗಿದೆ ಅಂತ ಬೇಸರ.

ಇನ್ನೊಂದು ನೋಡಿ. ಫಿಲಿಪಾ ಗ್ರೆಗರಿ ಅವರ 'ದಿ ಅದರ್ ಬೋಲಿನ್ ಗರ್ಲ್'. ಬ್ರಿಟನ್ನಿನಲ್ಲಿ ಬಂದದ್ದು 2001ರಲ್ಲಿ. ಅಮೆರಿಕದ ಆವೃತ್ತಿಯ ಮುಖಪುಟದಲ್ಲಿ ಟ್ಯೂಡರ್ ಕಾಲದ ಉಡುಪು ತೊಟ್ಟ ಹೆಣ್ಣು. ಮುಖದ ಮೇಲ್ಭಾಗ ಚೌಕಟ್ಟಿನ ಆಚೆ. ಅದು ಎಷ್ಟು ಗೆದ್ದಿತು ಅಂದರೆ, ಮುಂದೆ ಎರಡೂ ದೇಶಗಳಲ್ಲಿ ತಲೆಯಿಲ್ಲದ ಹೆಂಗಸರ ಮುಖಪುಟಗಳು ಸಾಲುಗಟ್ಟಿ ಬಂದವು. ಮುಖ ಕಾಣಿಸದಿದ್ದರೆ ಓದುವವಳು ತನ್ನ ಕಲ್ಪನೆಯ ಮುಖ ಇಟ್ಟುಕೊಳ್ಳುತ್ತಾಳೆ ಅಂತ ಪ್ರಕಾಶಕರ ಸಮರ್ಥನೆ. ನನಗೆ ಇದು ಸಹಿಸೋಕೆ ಆಗಲ್ಲ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ರಾಣಿ ಆ್ಯನ್ ಬೋಲಿನ್‌ಳ ತಲೆಯನ್ನು 1536ರ ಮೇ 19ರಂದು ಕತ್ತಿಯಿಂದ ಕಡಿದರು. ಆ ಮನೆತನದ ಕಥೆಯ ಮೇಲೆ ಮತ್ತೊಂದು ಸಲ ತಲೆ ಕತ್ತರಿಸಬೇಕಿತ್ತಾ? ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಅವಳ ಚಿತ್ರ ಇದೆ. ಅವಳು ಸತ್ತು ಎಷ್ಟೋ ವರ್ಷದ ಮೇಲೆ ಬರೆದದ್ದೇ ಇರಲಿ. ಕತ್ತಿನಲ್ಲಿ ಮುತ್ತಿನ ಸರ, ಅದಕ್ಕೆ 'ಬಿ' ಅಕ್ಷರದ ಚಿನ್ನದ ಪದಕ, ಪದಕದ ಕೆಳಗೆ ತೂಗುವ ಮೂರು ಮುತ್ತು. ಆ ಪದಕ ಒಂದನ್ನೇ ದೊಡ್ಡದಾಗಿ ಮುಖಪುಟಕ್ಕೆ ಹಾಕಿದ್ದರೂ ಅವಳ ಮನೆತನ, ಅವಳ ಹಮ್ಮು ಎಲ್ಲ ಬಂದುಬಿಡುತ್ತಿತ್ತು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಪ್ಯಾಟ್ರಿಕ್ ಓಬ್ರಿಯನ್ ಬಗ್ಗೆ ಹೇಳದೆ ಮಾತ್ರ ಇಳಿಯಲ್ಲ, ಸರ್. ನೌಕಾಪಡೆಯ ಕಾದಂಬರಿಗಳು, ಮುಗಿಸಿದ್ದು ಇಪ್ಪತ್ತು. ಮೊದಲನೆಯದು 1969ರಲ್ಲಿ ಅಮೆರಿಕದಲ್ಲೇ ಮೊದಲು ಬಂತು. ಆದರೆ ಅಲ್ಲಿ ಹೆಚ್ಚು ಜನ ಓದಲಿಲ್ಲ. ಬ್ರಿಟನ್ನಿನಲ್ಲಿ ಎಂಬತ್ತರ ದಶಕದ ಕೊನೆಗೆ ಜೆಫ್ ಹಂಟ್ ಅನ್ನೋ ಕಡಲ ಚಿತ್ರಕಾರರು ಮುಖಪುಟ ಬರೆಯೋಕೆ ಶುರು ಮಾಡಿದರು. ಈ ಹಡಗು ನೋಡಿ. ಹಗ್ಗ ಇರಬೇಕಾದ ಕಡೆಯೇ ಹಗ್ಗ ಇದೆ. ಗಾಳಿ ಯಾವ ಕಡೆಯಿಂದಲೋ ಹಾಯಿ ಆ ಕಡೆಗೆ ತಕ್ಕಂತೆ ಉಬ್ಬಿದೆ. 1990ರಿಂದ ಅಮೆರಿಕದ ನಾರ್ಟನ್ ಪ್ರಕಾಶನ ಈ ಸರಣಿಯನ್ನು ಮತ್ತೆ ತಂದಾಗ ಹಂಟ್ ಚಿತ್ರಗಳೇ ಅಲ್ಲೂ ಬಂದವು. ಎರಡೂ ದೇಶದ ಓದುಗರು ಆ ಹಡಗನ್ನೇ ನೋಡಿ ಕೊಂಡರು. ಕೊಂಡದ್ದು ಪುಸ್ತಕದಂಗಡಿಯಲ್ಲಿ. ಅಲ್ಲಿ ಗಿರಾಕಿ ಒಂದು ನಿಮಿಷ ನಿಲ್ಲುತ್ತಾನೆ, ಪುಸ್ತಕ ಎತ್ತಿ ನೋಡುತ್ತಾನೆ. ಆ ಒಂದು ನಿಮಿಷಕ್ಕೆ ತಕ್ಕ ಚಿತ್ರ ಇದು.

ಉಳಿದದ್ದು ಬೇಗ ಬೇಗ. ಬರ್ನಾರ್ಡ್ ಕಾರ್ನ್‌ವೆಲ್ ಅವರ 'ಹಾರ್ಲೆಕ್ವಿನ್' ಅಮೆರಿಕಕ್ಕೆ ಹೋಗಿ 'ದಿ ಆರ್ಚರ್ಸ್ ಟೇಲ್' ಆಯಿತು. ಹಾರ್ಲೆಕ್ವಿನ್ ಅಂದರೆ ಅಲ್ಲಿನವರಿಗೆ ಪ್ರೇಮಕಾದಂಬರಿಯ ಕಂಪನಿ. ಬಿಲ್ಲುಗಾರರ ಯುದ್ಧದ ಕಥೆಯನ್ನು ತಪ್ಪು ಕಪಾಟಿಗೆ ಕಳಿಸೋದು ಯಾರಿಗೆ ಬೇಕು? ಬ್ರಿಟನ್ನಿನಲ್ಲಿ ಪುಸ್ತಕಕ್ಕೆ ನಿಗದಿ ಬೆಲೆ ಕಟ್ಟುವ ಪದ್ಧತಿ 1995ರಲ್ಲಿ ಕುಸಿಯಿತು. ಸೂಪರ್‌ಮಾರ್ಕೆಟ್‌ಗಳು ರಿಯಾಯಿತಿಯಲ್ಲಿ ಕಾದಂಬರಿ ಮಾರತೊಡಗಿದವು. ಅಲ್ಲಿಂದೀಚೆಗೆ ಬ್ರಿಟಿಷ್ ಮುಖಪುಟದಲ್ಲೂ ಮಿರುಗುವ ಉಬ್ಬಕ್ಷರ, ಬೆನ್ನು ತಿರುಗಿಸಿ ನಿಂತ ಕತ್ತಿವೀರ ಎಷ್ಟು ಹೆಚ್ಚಾದರು ಅಂತ ನೀವೇ ನೋಡಿ. ಸಂಯಮ ಎಲ್ಲಿ ಹೋಯಿತು ಹಾಗಾದರೆ?

ಮೇಜಿನ ಮೇಲೆ ಎಲ್ಲ ಜೋಡಿಗಳನ್ನೂ ಇಟ್ಟಿದ್ದೇನೆ. ಕಾಫಿ ಕುಡಿದ ಮೇಲೆ ಬಂದು ಕೈಯಲ್ಲಿ ಹಿಡಿದು ನೋಡಿ, ಬೇಕಾದರೆ ಜಗಳವನ್ನೂ ಆಡಿ. ಹಿಂಬದಿಯ ಮೂಲೆಯಲ್ಲಿ, ಇಲ್ಲವೇ ಒಳಮಡಿಕೆಯ ಕೊನೆಯ ಸಾಲಿನಲ್ಲಿ, ಚಿತ್ರ ಬರೆದವರ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ದಯವಿಟ್ಟು ಅದನ್ನೂ ಓದಿ. ನಮಸ್ಕಾರ.