ಎರಡು ಹಾಳೆ, ಒಂದು ಸ್ಟಾಪ್‌ವಾಚ್

ಕೇಳುಗರಿಗೆ ನಮಸ್ಕಾರ.

‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು, ಪದ ಓದಬೇಡಿ, ಶಾಯಿಯ ಬಣ್ಣ ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಈ ತಡವರಿಕೆಯನ್ನು ಅಳೆದು ಪ್ರಕಟಿಸಿದರು. 100 ಚೌಕಗಳ ಬಣ್ಣ ಹೇಳಲು ವಿದ್ಯಾರ್ಥಿಗಳಿಗೆ ಸರಾಸರಿ 63 ಸೆಕೆಂಡು ಸಾಕಾಯಿತು; ಹೊಂದದ ಬಣ್ಣದಲ್ಲಿ ಅಚ್ಚಾದ 100 ಪದಗಳಿಗೆ 110 ಸೆಕೆಂಡು ಹಿಡಿಯಿತು. ಅದೇ ವರ್ಷ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಈ ವಿಷಯವನ್ನು ಬಾನುಲಿಯಲ್ಲಿ ಮಾತನಾಡುವಾಗ ಅವರನ್ನು ನೆನೆಯಲೇಬೇಕು.

ಚೌಕಗಳ ಹಾಳೆಗಿಂತ ಪದಗಳ ಹಾಳೆಗೆ ಹೆಚ್ಚು ಹಿಡಿದ ಆ 47 ಸೆಕೆಂಡಿಗೆ ಪದವೇ ಕಾರಣ ಎನ್ನಬೇಕಾದರೆ ಎರಡು ಹಾಳೆಗಳ ನಡುವೆ ಬೇರೆ ವ್ಯತ್ಯಾಸವೇ ಇರಬಾರದು. ಪ್ರಯೋಗದ ಜೀವಾಳ ಅದು. ಚೌಕವೋ ಪದವೋ ಎಂದು ನಾವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ. ಅಳೆಯುವ ಸಮಯ ಅವಲಂಬಿತ ಚರ. ಬೆಳಕು, ಹಾಳೆಯ ಅಳತೆ, ಸೂಚನೆಯ ಮಾತು ಎರಡು ಕಡೆಯೂ ಒಂದೇ ಇರಲಿ.

ಈ ಪ್ರಯೋಗವನ್ನು ನೀವೇ ಮಾಡುವುದಾದರೆ ಕೆಂಪು, ನೀಲಿ, ಹಸಿರು, ಕಂದು, ನೇರಳೆ ಬಣ್ಣಗಳನ್ನು ಆರಿಸಿ. ಹಾಳೆಗೆ 10 ಸಾಲು, ಸಾಲಿಗೆ 10. ಪ್ರತಿ ಸಾಲಿನಲ್ಲೂ ಪ್ರತಿ ಬಣ್ಣ ಎರಡು ಸಲ ಬರಲಿ, ಆದರೆ ಒಂದೇ ಬಣ್ಣ ಅಕ್ಕಪಕ್ಕ ಬೇಡ. ತಪ್ಪು ಹೇಳಿದವರು ಗಡಿಯಾರ ಓಡುತ್ತಿರುವಾಗಲೇ ತಿದ್ದಿಕೊಳ್ಳಬೇಕು. ಇಲ್ಲವಾದರೆ ಅವಸರದಲ್ಲಿ ತಪ್ಪು ಮಾಡಿದವರೇ ಚುರುಕಿನವರಾಗಿ ಕಾಣುತ್ತಾರೆ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇಂಥ ಪ್ರಯೋಗ ಸರದಿಯಲ್ಲಿ ಕೆಡಬಹುದು. ಎಲ್ಲರಿಗೂ ಚೌಕದ ಹಾಳೆಯನ್ನೇ ಮೊದಲು ಕೊಟ್ಟರೆ, ಎರಡನೆಯದಕ್ಕೆ ಬರುವ ಹೊತ್ತಿಗೆ ಬಾಯಿಗೆ ರೂಢಿಯಾಗಿರುತ್ತದೆ, ಇಲ್ಲವೇ ಕಣ್ಣು ದಣಿದಿರುತ್ತದೆ. ರೂಢಿ ಸಮಯವನ್ನು ಇಳಿಸುತ್ತದೆ, ದಣಿವು ಏರಿಸುತ್ತದೆ. ಪದದ ಪರಿಣಾಮ ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ಆದ್ದರಿಂದ 20 ಜನರಿದ್ದರೆ 10 ಜನರಿಗೆ ಚೌಕ ಮೊದಲು, 10 ಜನರಿಗೆ ಪದ ಮೊದಲು. ಯಾರಿಗೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸಿ. ಮೊದಲು ಬಂದ ಹತ್ತು ಜನ ಒಂದು ಗುಂಪು ಎನ್ನಬೇಡಿ. ಬೇಗ ಬರುವವರು ಹೆಚ್ಚು ಉತ್ಸಾಹಿಗಳಿರಬಹುದು, ಆ ಉತ್ಸಾಹವೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತದೆ.

ಇನ್ನೂ ಅಕ್ಷರ ಕೂಡಿಸಿ ಓದುವ ಮಕ್ಕಳಿಗೆ ಪದ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೆ ಓದು ಬಲ್ಲ ಮಕ್ಕಳನ್ನೂ ಇವರನ್ನೂ ಹೋಲಿಸುವಾಗ ಎಚ್ಚರ ಬೇಕು. ಓದಿನ ರೂಢಿಯನ್ನು ಚೀಟಿ ಎತ್ತಿ ಹಂಚಲಾಗದು. ವಯಸ್ಸು, ಮನೆಯ ವಾತಾವರಣ ಎಲ್ಲವೂ ಅದರ ಜೊತೆಗೇ ಬರುತ್ತವೆ. ಅಂಥ ಹೋಲಿಕೆಯಲ್ಲಿ ಸಂಬಂಧವಿದೆ ಎನ್ನಬಹುದು, ಇದೇ ಕಾರಣ ಎನ್ನಲಾಗದು.

ನಮಸ್ಕಾರ.