ತೋಟದ ಮಣ್ಣು, ಮರಿಯ ಒಸಡು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಿಪ್ಪುನೇರಳೆ ತೋಟವಿದು. ಸೊಪ್ಪು ಕೊಯ್ಯುತ್ತಿರುವ ಅಮ್ಮನೂ ಚಿಕ್ಕಮ್ಮನೂ ಬರಿಗಾಲಿನಲ್ಲಿದ್ದಾರೆ. ಅವರ ಹಿಂದೆಯೇ ಬಂದ ಕೆಂದನಾಯಿ ಸಾಲಿನ ನಡುವೆ ಮಲವಿಸರ್ಜನೆ ಮಾಡಿ ಹೋಯಿತು. ಈ ದೃಶ್ಯವನ್ನು ವಿಡಿಯೋದಿಂದ ತೆಗೆದುಹಾಕೋಣವೆಂದು ಮೊದಲು ಅಂದುಕೊಂಡಿದ್ದೆ, ಈಗ ಬೇಕೆಂದೇ ಉಳಿಸಿದ್ದೇನೆ.

ನಾಯಿಯ ಕರುಳಿನಲ್ಲಿರುವ ಕೊಕ್ಕೆಹುಳುಗಳಲ್ಲಿ ಆನ್ಸೈಲೋಸ್ಟೋಮಾ ಸೀಲಾನಿಕಮ್ ಎಂಬ ಜಾತಿ ಮನುಷ್ಯರ ಕರುಳಿನಲ್ಲಿಯೂ ಬಲಿತು ರಕ್ತ ಹೀರುತ್ತದೆ. ಮಲದೊಂದಿಗೆ ಬಿದ್ದ ಮೊಟ್ಟೆಯು ನೆರಳೂ ತೇವವೂ ಇರುವ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆದು, ಹೊರಬಂದ ಮರಿಹುಳು 5ರಿಂದ 10 ದಿನಗಳೊಳಗೆ ಅಂಗಾಲಿನ ಚರ್ಮವನ್ನು ಹೊಕ್ಕುವಷ್ಟು ಬೆಳೆಯುತ್ತದೆ. ನೀರು ಹಾಯಿಸಿದ ಈ ಸಾಲುಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ.

ನಾಯಿಗಳನ್ನು ತೋಟದಿಂದ ಓಡಿಸಿದರೆ ಸಾಕೆಂದು ಹಿಂದಿನ ವಿಡಿಯೋದಲ್ಲಿ ಖಡಾಖಂಡಿತವಾಗಿ ಹೇಳಿದ್ದೆ. ಆ ಮಾತು ತಪ್ಪು. ಬೇಲಿಯಿಲ್ಲದ ಊರಿನಲ್ಲಿ ನಾಯಿಯನ್ನು ಎಲ್ಲಿಗೆಂದು ಓಡಿಸುವುದು? ಅದಕ್ಕೂ ಔಷಧಿ ಕೊಡಬೇಕು.

ಈಗ ಕಾಣುತ್ತಿರುವ ನಾಲ್ಕು ನಾಯಿಮರಿಗಳ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. 120 ರೂಪಾಯಿ ಕೊಟ್ಟು ಜಂತುಹುಳುವಿನ ಸಿರಪ್ ತಂದು, ತರಕಾರಿ ತಕ್ಕಡಿಯಲ್ಲಿ ತೂಗಿ, ಒಂದೊಂದಕ್ಕೂ ಅಳತೆಯಂತೆ ಕುಡಿಸಿದೆ. ಕೈಗೆ ಸಿಗದ ತಾಯಿಯನ್ನು ಮಾತ್ರ ಹಾಗೆಯೇ ಬಿಟ್ಟೆ. ಕೊಕ್ಕೆಹುಳು ತಾಯಿಯ ಹಾಲಿನ ಮೂಲಕವೂ ಮರಿಗೆ ಬರುತ್ತದೆಂದು ಆಗ ನನಗೆ ತಿಳಿದಿರಲಿಲ್ಲ. ಎರಡು ವಾರಗಳ ನಂತರ ಈ ಚಿಕ್ಕ ಮರಿಯ ಮಲ ಟಾರಿನಂತೆ ಕಪ್ಪಾಗಿತ್ತು. ತುಟಿಯೆತ್ತಿ ನೋಡಿದರೆ ಒಸಡು ರಕ್ತವಿಲ್ಲದೆ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಅಳು ಬರುತ್ತಿತ್ತು. ಮಕ್ಕಳ ಜಂತುಹುಳು ಮಾತ್ರೆಯನ್ನು ಮುರಿದು ನಾಯಿಗೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದರಲ್ಲಿರುವ ಆಲ್ಬೆಂಡಜೋಲ್ ನಾಯಿಯ ಅಸ್ಥಿಮಜ್ಜೆಗೆ ಹಾನಿ ಮಾಡಬಲ್ಲದು.

ಆ ಮಾತ್ರೆಯನ್ನು 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು, ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುತ್ತುಗಳಲ್ಲಿ, ಶಾಲೆ ಮತ್ತು ಅಂಗನವಾಡಿಗಳ ಮೂಲಕ 1ರಿಂದ 19 ವರ್ಷದವರಿಗೆ ಕೊಡುತ್ತಾರೆ. ಅದು ಒಳ್ಳೆಯ ಕೆಲಸವೇ. ಆದರೆ ದಿನವಿಡೀ ಈ ಮಣ್ಣು ತುಳಿಯುವ ಅಮ್ಮನ ವಯಸ್ಸಿನವರೂ ಊರ ನಾಯಿಗಳೂ ಆ ಲೆಕ್ಕದಲ್ಲಿಲ್ಲ. ಮಾತ್ರೆ ನುಂಗಿದ ಮಗು ಸಂಜೆ ಇದೇ ಮಣ್ಣಿನಲ್ಲಿ ಆಡುತ್ತದೆ.

ಅಮ್ಮ ಈಗ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಕಾಲು ಅದ್ದುತ್ತಿದ್ದಾರೆ. ರೇಷ್ಮೆಹುಳುವಿಗೆ ರೋಗ ತಗುಲಬಾರದೆಂದು ಇಷ್ಟು ಎಚ್ಚರ ವಹಿಸುವವರು, ತೋಟಕ್ಕೆ ಬೂಟು ಹಾಕಿಕೊಳ್ಳಿ ಎಂದರೆ ಕೆಸರಿನಲ್ಲಿ ಜಾರುತ್ತದೆ ಎನ್ನುತ್ತಾರೆ. ಅದೂ ನಿಜ, ನಾನೇ ಹಾಕಿ ನೋಡಿದೆ, ಜಾರಿತು. ಹಿಡಿತವಿರುವ ಜೋಡಿ ಹುಡುಕುತ್ತಿದ್ದೇನೆ.

ಚಿಕ್ಕ ಮರಿ ಬದುಕಿದೆ. ಕೆಂದನಾಯಿಗೂ ನಿನ್ನೆ ಅನ್ನದಲ್ಲಿ ನಾಯಿಗಳ ಜಂತುಹುಳು ಮಾತ್ರೆ ಕಲಸಿ ಹಾಕಿದೆವು, ಪೂರ್ತಿ ತಿಂದಿತು.